ಗೋಡೆಯ ನಕ್ಷೆಗಿಂತ ಮೊದಲು ಅಂಗಳದ ಮಣ್ಣು: ಪುಟ್ಟ ಮಕ್ಕಳಿಗೆ ಬೆಟ್ಟ, ಹೊಳೆ, ನಕ್ಷೆ ಕಲಿಸುವ ಬಗೆ

ಮಗಳಿಗೆ ಆರು ವರ್ಷವಾದಾಗ ಕರ್ನಾಟಕದ ದೊಡ್ಡ ನಕ್ಷೆಯೊಂದನ್ನು ತಂದು ಹಾಲ್‌ನ ಗೋಡೆಗೆ ಅಂಟಿಸಿದೆ. ನಾವಿರುವುದು ತುಮಕೂರಿನಲ್ಲಿ. ಹತ್ತಿರದ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಎರಡು ಹೊಳೆಗಳ ಮೇಲೆ ಬೆರಳಿಟ್ಟು ತೋರಿಸಿದೆ. "ನೋಡು ಪುಟ್ಟಿ, ಶಿಂಷಾ ಕೆಳಗೆ ಹೋಗಿ ಕಾವೇರಿ ಸೇರುತ್ತೆ. ಜಯಮಂಗಲಿ ಮೇಲೆ ಹೋಗಿ ಉತ್ತರ ಪಿನಾಕಿನಿ ಸೇರುತ್ತೆ." ಅವಳು ಸ್ವಲ್ಪ ಹೊತ್ತು ನಕ್ಷೆಯನ್ನೇ ನೋಡಿದಳು. ಆಮೇಲೆ ಕೇಳಿದಳು: "ಅಮ್ಮಾ, ನೀರು ಮೇಲಕ್ಕೆ ಹೇಗೆ ಹೋಗುತ್ತೆ?"

ತಪ್ಪು ಅವಳದ್ದಲ್ಲ. ಉತ್ತರ ದಿಕ್ಕಿಗೆ "ಮೇಲೆ" ಅಂದವಳು ನಾನು. ನಕ್ಷೆಯನ್ನು ಗೋಡೆಗೆ ನೇತು ಹಾಕಿದವಳೂ ನಾನೇ. ಗೋಡೆಯ ಮೇಲಿನ ಚಿತ್ರದಲ್ಲಿ ನೀರು ಸೀಲಿಂಗ್ ಕಡೆ ಹರಿಯುವುದು ಯಾವ ಮಗುವಿಗಾದರೂ ವಿಚಿತ್ರವೇ ಅಲ್ವಾ?

ಅವತ್ತು ನಕ್ಷೆಯನ್ನು ಬಿಚ್ಚಿ ಸುತ್ತಿಟ್ಟೆ. ಮುಂದಿನ ಒಂದು ವರ್ಷದಲ್ಲಿ ಅವಳ ಜೊತೆಗೂ ಬೀದಿಯ ಇನ್ನೂ ನಾಲ್ಕೈದು ಮಕ್ಕಳ ಜೊತೆಗೂ ಬೇರೆ ಕ್ರಮದಲ್ಲಿ ಹೋದೆ. ಮೊದಲು ನೆಲ, ಆಮೇಲೆ ಮಣ್ಣಿನ ಆಟ, ಆಮೇಲೆ ಮೇಲಿನಿಂದ ನೋಡುವುದು, ಆಮೇಲೆ ದಿಕ್ಕು. ಅಚ್ಚಾದ ನಕ್ಷೆ ಬಂದದ್ದು ಕೊನೆಗೆ. ನಾಲ್ಕರಿಂದ ಒಂಬತ್ತು ವರ್ಷದ ಮಕ್ಕಳಿಗೆ ಇದು ಹೊಂದುತ್ತದೆ. ಅವಸರ ಬೇಡ. ಒಂದೊಂದು ಹೆಜ್ಜೆಗೆ ಎರಡು ಮೂರು ವಾರವಾದರೂ ಕೊಡಿ.

1. ನೀರಿನ ಹಿಂದೆ ನಡೆಯಿರಿ

ಮಳೆ ನಿಂತ ಕೂಡಲೇ ಮಗುವನ್ನು ಹೊರಗೆ ಕರೆದುಕೊಂಡು ಹೋಗಿ. ಒಂದೇ ಪ್ರಶ್ನೆ ಕೇಳಿ: "ಈ ನೀರು ಎಲ್ಲಿಗೆ ಹೋಗ್ತಿದೆ?" ಒಂದು ಎಲೆಯನ್ನೋ ಕಾಗದದ ದೋಣಿಯನ್ನೋ ಬಿಟ್ಟು ಅದರ ಹಿಂದೆ ನಡೆಯಿರಿ. ಅಂಗಳದಿಂದ ಚರಂಡಿಗೆ, ಚರಂಡಿಯಿಂದ ಮೋರಿಗೆ, ಅಲ್ಲಿಂದ ಹಳ್ಳಕ್ಕೋ ಕೆರೆಗೋ. ಮಳೆಗಾಲವಲ್ಲದಿದ್ದರೆ ತಾರಸಿಯ ಮೇಲೆ ಒಂದು ಚೊಂಬು ನೀರು ಸುರಿಯಿರಿ. ತಾರಸಿ ಸಮತಟ್ಟಾಗಿ ಕಾಣುತ್ತದೆ, ಆದರೆ ನೀರು ಪೈಪಿನ ಬಾಯಿ ಹುಡುಕಿಕೊಂಡು ಹೋಗುತ್ತದೆ. ಕಣ್ಣಿಗೆ ಕಾಣದ ಇಳಿಜಾರನ್ನು ನೀರು ತೋರಿಸಿಕೊಡುತ್ತದೆ.

ಈ ನಡಿಗೆಯಲ್ಲೇ ಮಾತಿನ ನಡುವೆ ಪದಗಳು ಬರಲಿ: ದಿಬ್ಬ, ತಗ್ಗು, ಇಳಿಜಾರು, ಹಳ್ಳ. ಸೈಕಲ್ ಓಡಿಸುವ ಮಗುವಾದರೆ ಇನ್ನೂ ಸುಲಭ. ಎಲ್ಲಿ ಜಾಸ್ತಿ ಪೆಡಲ್ ತುಳಿಯಬೇಕು, ಎಲ್ಲಿ ತುಳಿಯದೇ ಸುಮ್ನೆ ಕೂರಬಹುದು ಅಂತ ಅದರ ಕಾಲಿಗೇ ಗೊತ್ತಿರುತ್ತದೆ.

2. ಮಣ್ಣಿನ ಬೆಟ್ಟ, ಬಾಟಲಿ ಮಳೆ

ಇದು ನನಗೆ ತುಂಬಾ ಇಷ್ಟದ ಹೆಜ್ಜೆ. ಮಕ್ಕಳು ಬಿಟ್ಟು ಏಳುವುದೇ ಇಲ್ಲ.

ಒಂದು ಅಗಲವಾದ ಪ್ಲಾಸ್ಟಿಕ್ ಟಬ್ ತೆಗೆದುಕೊಳ್ಳಿ. ಬರೀ ಮರಳಿನ ಬೆಟ್ಟ ನಿಲ್ಲುವುದಿಲ್ಲ. ಬರೀ ಜೇಡಿಮಣ್ಣಾದರೆ ನೀರಿಗೆ ಅದನ್ನು ಕೊರೆಯಲು ಆಗುವುದಿಲ್ಲ. ಎರಡು ಪಾಲು ಮರಳಿಗೆ ಒಂದು ಪಾಲು ಕೈತೋಟದ ಮಣ್ಣು ಸೇರಿಸಿ, ಉಂಡೆ ಕಟ್ಟಲು ಬರುವಷ್ಟು ಒದ್ದೆ ಮಾಡಿ. ಟಬ್ಬಿನ ಒಂದು ಬದಿಗೆ ಒಂದು ಗೇಣು ಎತ್ತರದ ಬೆಟ್ಟ ಮಾಡಿಸಿ. ಆ ಬದಿಯ ಕೆಳಗೆ ಒಂದು ಇಟ್ಟಿಗೆ ಕೊಟ್ಟು ಟಬ್ಬನ್ನು ಓರೆ ಮಾಡಿ. ಹಳೇ ನೀರಿನ ಬಾಟಲಿಯ ಮುಚ್ಚಳಕ್ಕೆ ದಬ್ಬಣದಿಂದ ಆರೇಳು ತೂತು ಹಾಕಿ. ಇದೇ ಮಳೆ.

ಈಗ ಮಗು ಬೆಟ್ಟದ ನೆತ್ತಿಗೆ ಮಳೆ ಸುರಿಸಲಿ. ನೀವು ಮಾತಾಡಬೇಡಿ. ಮೊದಲು ನೀರು ಇಂಗುತ್ತದೆ. ಆಮೇಲೆ ನೂಲಿನಷ್ಟು ಸಣ್ಣ ಗೆರೆ ಬೀಳುತ್ತದೆ. ಎರಡು ಗೆರೆ ಸೇರಿ ಒಂದಾಗುತ್ತವೆ. ಒಂದಾದದ್ದು ಆಳವಾಗಿ ಕೊರೆಯುತ್ತದೆ, ಅದರ ಎರಡು ಬದಿಯಲ್ಲಿ ಗೋಡೆ ಏಳುತ್ತದೆ. ಅದು ಕಣಿವೆ. ಇಳಿಜಾರು ಮುಗಿಯುವ ಕಡೆ ನೀರಿನ ಜೋರು ಕಡಿಮೆಯಾಗಿ, ಹೊತ್ತು ತಂದ ಮರಳು ಬೀಸಣಿಗೆಯ ಹಾಗೆ ಹರಡಿಕೊಳ್ಳುತ್ತದೆ. ನದಿ ಕಡಲು ಸೇರುವ ಕಡೆ ಹೀಗೆ ಹರಡಿದ ನೆಲಕ್ಕೆ ಪುಸ್ತಕದಲ್ಲಿ ಮುಖಜಭೂಮಿ ಅನ್ನುತ್ತಾರೆ. ಹೆಸರನ್ನು ಮಗು ಕೇಳಿದಾಗ ಹೇಳಿ, ಅದಕ್ಕಿಂತ ಮೊದಲು ಬೇಡ.

ಎರಡನೇ ದಿನ ಹರಿವಿಗೆ ಅಡ್ಡವಾಗಿ ಮಣ್ಣಿನ ಏರಿ ಕಟ್ಟಿಸಿ. ಹಿಂದೆ ನೀರು ನಿಲ್ಲುತ್ತದೆ, ಕೆರೆಯಾಗುತ್ತದೆ. ತುಂಬಿದ ಮೇಲೆ ಏರಿಯನ್ನೇ ಒಡೆದುಕೊಂಡು ಹೋಗುತ್ತದೆ. "ಒಡೀಬಾರದು ಅಂದ್ರೆ ಏನು ಮಾಡಬೇಕು?" ಅಂತ ಕೇಳಿ. ನಮ್ಮ ಬೀದಿಯ ಹುಡುಗನೊಬ್ಬ ಏರಿಯ ಒಂದು ತುದಿಯಲ್ಲಿ ಬೆರಳಿನಿಂದ ಸಣ್ಣ ದಾರಿ ಬಿಟ್ಟು, ಅಲ್ಲಿಗೆ ಚಪ್ಪಟೆ ಕಲ್ಲಿಟ್ಟ. ಕೋಡಿ ಅನ್ನುವ ಪದ ಅವನಿಗೆ ಗೊತ್ತಿರಲಿಲ್ಲ, ಕೋಡಿ ಮಾಡುವುದು ಗೊತ್ತಾಗಿತ್ತು. ಬಯಲುಸೀಮೆಯ ಕೆರೆಗಳಲ್ಲಿ ಬಹುಪಾಲು ಹೀಗೆ ಜನ ಏರಿ ಕಟ್ಟಿ ಮಾಡಿದವು ಅಂತ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಮೂರನೇ ದಿನ ಟಬ್ಬನ್ನು ಸಮ ಮಾಡಿ, ನಡುವೆ ಉದ್ದನೆಯ ಬೆಟ್ಟ ಕಟ್ಟಿ, ಅದರ ಏಣಿನ ಮೇಲೆ ನೀರು ಬಿಡಿ. ನೀರು ಎರಡು ಬದಿಗೂ ಹಂಚಿಹೋಗುತ್ತದೆ. ಒಂದೇ ಮಳೆ, ಒಂದೇ ಬೆಟ್ಟ, ಎರಡು ಹೊಳೆ. ಶಿಂಷಾ, ಜಯಮಂಗಲಿ ಕಥೆ ನನ್ನ ಮಗಳಿಗೆ ಅರ್ಥವಾದದ್ದು ಇಲ್ಲಿ.

ನಿಮ್ಮ ಊರಿನ ಕಥೆಯೂ ಇದೇ ಇರಬಹುದು. ತೀರ್ಥಹಳ್ಳಿ ಕಡೆಯವರಾದರೆ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಡುವಣಕ್ಕೆ ತಿರುಗಿ, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಅದೇ ಸೀಮೆಯಲ್ಲಿ ಹರಿಯುವ ತುಂಗೆ ಮೂಡಣದ ಕಡೆ ಹೋಗಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಮುಂದೆ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಬೆಂಗಳೂರಿನ ಮಕ್ಕಳಿಗೂ ಇದು ಉಂಟು. ಊರಿನ ಪಶ್ಚಿಮ ಭಾಗದ ನೀರು ವೃಷಭಾವತಿಗೆ ಇಳಿದು ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ, ಪೂರ್ವ ಭಾಗದ ನೀರು ದಕ್ಷಿಣ ಪಿನಾಕಿನಿಗೆ.

3. ಊಟದ ತಟ್ಟೆಯಲ್ಲಿ ದ್ವೀಪ

ಮಾರಿಯಾ ಮಾಂಟೆಸೊರಿ 1939ರಲ್ಲಿ ಭಾರತಕ್ಕೆ ಬಂದು ಯುದ್ಧದ ವರ್ಷಗಳನ್ನು ಇಲ್ಲೇ ಕಳೆದವರು. ಅವರ ಪದ್ಧತಿಯ ಶಾಲೆಗಳಲ್ಲಿ ನೆಲ ಮತ್ತು ನೀರಿನ ಆಕಾರಗಳನ್ನು ಜೋಡಿ ಜೋಡಿಯಾಗಿ ಕಲಿಸುತ್ತಾರೆ. ದ್ವೀಪಕ್ಕೆ ಸರೋವರ ಜೋಡಿ, ಪರ್ಯಾಯ ದ್ವೀಪಕ್ಕೆ ಕೊಲ್ಲಿ ಜೋಡಿ. ಒಂದು ಇನ್ನೊಂದರ ಉಲ್ಟಾ. ಇದು ಬಹಳ ಒಳ್ಳೆಯ ದಾರಿ. ಇದಕ್ಕೆ ದುಬಾರಿ ಸಾಮಾನು ಬೇಕಿಲ್ಲ, ನಮ್ಮ ಊಟದ ತಟ್ಟೆ ಸಾಕು.

ತಟ್ಟೆಯ ನಡುವೆ ರಾಗಿ ಮುದ್ದೆ, ಸುತ್ತ ಸಾರು. ಅದು ದ್ವೀಪ. ಮುದ್ದೆಯನ್ನು ತಟ್ಟೆಯ ಅಂಚಿಗೆ ಒತ್ತಿ. ಈಗ ಮೂರು ಕಡೆ ಸಾರು, ಒಂದು ಕಡೆ ಅಂಚು. ಅದು ಪರ್ಯಾಯ ದ್ವೀಪ, ನಮ್ಮ ದೇಶದ ದಕ್ಷಿಣ ಭಾಗದ ಹಾಗೆ. ಇನ್ನು ಉಲ್ಟಾ ಮಾಡಿ. ಅನ್ನವನ್ನು ತಟ್ಟೆ ತುಂಬಾ ಹರಡಿ ನಡುವೆ ಗುಂಡಿ ಮಾಡಿ ಸಾರು ಬಿಡಿ. ಅದು ಸರೋವರ. ಅನ್ನದ ಅಂಚಿನಲ್ಲಿ ಒಳಕ್ಕೆ ಬಾಗಿದ ಜಾಗ ಮಾಡಿ ಸಾರು ನುಗ್ಗಲು ಬಿಡಿ. ಅದು ಕೊಲ್ಲಿ. ಮುದ್ದೆಯ ನೆತ್ತಿಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಿ ಚಪ್ಪಟೆ ಮಾಡಿದರೆ ಪ್ರಸ್ಥಭೂಮಿ. ಎತ್ತರವಿದೆ, ಆದರೆ ಮೇಲೆ ಓಡಾಡುವಷ್ಟು ಸಮ ಜಾಗವಿದೆ. ನಾವು ಬಯಲುಸೀಮೆಯವರೆಲ್ಲ ಇಂಥ ಮುದ್ದೆಯ ನೆತ್ತಿಯ ಮೇಲೆ ವಾಸ ಮಾಡುತ್ತಿದ್ದೇವೆ ಅಂದಾಗ ಮಕ್ಕಳ ಕಣ್ಣು ಅರಳುತ್ತದೆ.

ಆಟವಾದ ಮೇಲೆ ಊಟ ಮುಗಿಸಬೇಕು ಅನ್ನುವುದು ನಮ್ಮ ಮನೆಯ ನಿಯಮ.

ಆಮೇಲೆ ನಿಜವಾದ ಹೆಸರು ಹೇಳಿ. ಕಾವೇರಿ ಎರಡಾಗಿ ಒಡೆದು ಸುತ್ತುವರಿದ ಶ್ರೀರಂಗಪಟ್ಟಣ ಹೊಳೆಯ ನಡುವಿನ ದ್ವೀಪ. ಕುಂದಾಪುರದ ಕಡೆ ಹೊಳೆ ನಡುವಿನ ನೆಲಕ್ಕೆ ಕುದ್ರು ಅನ್ನುತ್ತಾರೆ, ಹೊಳೆ ಕಡಲು ಸೇರುವ ಬಾಯಿಗೆ ಅಳಿವೆ. ನಿಮ್ಮ ಸೀಮೆಯ ಪದವನ್ನೇ ಮೊದಲು ಕಲಿಸಿ. ಪುಸ್ತಕದ ಪದ ಶಾಲೆಯಲ್ಲಿ ಹೇಗೂ ಸಿಗುತ್ತದೆ.

4. ಹಕ್ಕಿಯ ಹಾಗೆ ನೋಡುವುದು

ಮಕ್ಕಳು ಮನೆ ಬರೆದರೆ ಬಾಗಿಲು, ಕಿಟಕಿ, ಹೆಂಚು ಬರೆಯುತ್ತಾರೆ. ಅದು ಎದುರಿನಿಂದ ಕಂಡ ಮನೆ. ನಕ್ಷೆ ಮೇಲಿನಿಂದ ಕಂಡದ್ದು. ಈ ಒಂದು ಜಿಗಿತವೇ ಮಕ್ಕಳಿಗೆ ಕಷ್ಟ, ದೊಡ್ಡವರು ಇದನ್ನೇ ಬಿಟ್ಟು ಮುಂದೆ ಹೋಗುತ್ತೇವೆ.

ನೆಲದ ಮೇಲೆ ಲೋಟ, ಬೆಂಕಿಪೊಟ್ಟಣ, ಬಾಳೆಹಣ್ಣು ಇಡಿ. ಮಗು ಕುರ್ಚಿಯ ಮೇಲೆ ನಿಂತು ನೇರ ಕೆಳಗೆ ನೋಡಲಿ. ನೀವು ಹಿಡಿದುಕೊಂಡಿರಿ. ಲೋಟ ಈಗ ಬರೀ ಒಂದು ಸೊನ್ನೆ. ಬೆಂಕಿಪೊಟ್ಟಣ ಒಂದು ಚೌಕ. ಕಂಡದ್ದನ್ನು ಬರೆಯಲಿ. ಇನ್ನೊಂದು ದಿನ ಅವುಗಳನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು, ವಸ್ತು ತೆಗೆದುಬಿಡಿ. ಉಳಿದ ಗೆರೆಗಳೇ ಮಗುವಿನ ಮೊದಲ ನಕ್ಷೆ. ತಾರಸಿಯಿಂದ ಬಗ್ಗಿ ಅಂಗಳ ನೋಡಿಸುವುದೂ ಒಳ್ಳೆಯದು, ಎದೆಯೆತ್ತರದ ಗೋಡೆ ಇರುವ ಕಡೆ ಮಾತ್ರ.

5. ಕಡ್ಲೆಮಿಠಾಯಿ ಎಲ್ಲಿದೆ?

ಲೆಕ್ಕದ ಚೌಕಳಿ ಪುಸ್ತಕ ತೆಗೆಯಿರಿ. ಒಂದು ಹೆಜ್ಜೆಗೆ ಒಂದು ಚೌಕ. ಹಾಲ್ ಎಷ್ಟು ಹೆಜ್ಜೆ ಉದ್ದ, ಎಷ್ಟು ಹೆಜ್ಜೆ ಅಗಲ ಅಂತ ಮಗುವೇ ಅಳೆಯಲಿ, ಅಷ್ಟು ಚೌಕ ಬರೆಯಲಿ. ಬಾಗಿಲು, ಸೋಫಾ, ಟೀವಿ, ದೇವರ ಮೂಲೆ ಗುರುತು ಮಾಡಲಿ. ಗುರುತುಗಳನ್ನು ಮಗುವೇ ಆರಿಸಲಿ, ಆದರೆ ಯಾವ ಗುರುತು ಏನು ಅಂತ ಹಾಳೆಯ ಮೂಲೆಯಲ್ಲಿ ಪಟ್ಟಿ ಬರೆಸಿ. ಅಳತೆ, ಗುರುತು, ಗುರುತಿನ ಪಟ್ಟಿ ಮೂರೂ ಒಂದೇ ಸಂಜೆಯಲ್ಲಿ ಬಂದವು.

ಈಗ ಒಂದು ಕಡ್ಲೆಮಿಠಾಯಿ ಬಚ್ಚಿಟ್ಟು ನಕ್ಷೆಯಲ್ಲಿ ಇಂಟು ಗುರುತು ಹಾಕಿ ಕೊಡಿ. ಮಗು ಎಲ್ಲಿ ಎಡವುತ್ತದೆ ನೋಡಿ. ಬಾಗಿಲಿಗೆ ಬೆನ್ನು ಹಾಕಿ ನಿಂತಾಗ ನಕ್ಷೆಯ ಎಡ ಬಲ ಅದಲುಬದಲಾಗುತ್ತದೆ, ಸೋಫಾ ಬಿಟ್ಟು ಟೀವಿ ಕಡೆ ಓಡುತ್ತದೆ. ಆಗ ಒಂದೇ ಮಾತು ಹೇಳಿ: "ಹಾಳೆಯ ಬಾಗಿಲು ನಿಜವಾದ ಬಾಗಿಲ ಕಡೆಗೇ ಇರಲಿ. ನೀನು ತಿರುಗಿದ ಹಾಗೆ ಹಾಳೆಯನ್ನೂ ತಿರುಗಿಸು." ನಕ್ಷೆ ಓದುವುದರಲ್ಲಿ ನಾನು ಕಲಿಸಿದ ಅತಿ ಉಪಯೋಗದ ಸಂಗತಿ ಇದೇ. ಅಕ್ಷರ ಓದಲು ಪುಸ್ತಕ ತಿರುಗಿಸಬಾರದು, ನಕ್ಷೆ ಓದಲು ತಿರುಗಿಸಲೇಬೇಕು.

6. ದಿಕ್ಕು: ಪದದಲ್ಲೇ ಉತ್ತರವಿದೆ

ಪೂರ್ವ, ಪಶ್ಚಿಮ ಅಂತ ಬಾಯಿಪಾಠ ಮಾಡಿಸುವ ಮೊದಲು ಮೂಡಣ, ಪಡುವಣ ಹೇಳಿಕೊಡಿ. ಸೂರ್ಯ ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ಪಡು ಅಂದರೆ ಮುಳುಗು. ಕರಾವಳಿಯ ನಕ್ಷೆಯಲ್ಲಿ ಪಡುಬಿದ್ರಿ, ಮೂಡಬಿದಿರೆ ಹುಡುಕಿಸಿ. ಒಂದು ಕಡಲ ಪಕ್ಕದಲ್ಲಿ ಪಶ್ಚಿಮಕ್ಕೆ, ಇನ್ನೊಂದು ಒಳನಾಡಿನಲ್ಲಿ ಪೂರ್ವಕ್ಕೆ. ಊರಿನ ಹೆಸರೇ ದಿಕ್ಕು ಹೇಳುತ್ತದೆ. ಬಡಗು ಅಂದರೆ ಉತ್ತರ, ತೆಂಕು ಅಂದರೆ ದಕ್ಷಿಣ. ಯಕ್ಷಗಾನದ ಬಡಗುತಿಟ್ಟು, ತೆಂಕುತಿಟ್ಟು ನೋಡಿದ ಮಕ್ಕಳಿಗೆ ಇದು ಮರೆಯುವುದಿಲ್ಲ. ಇನ್ನು, ಉತ್ತರಕ್ಕೆ ತಲೆ ಹಾಕಿ ಮಲಗಬೇಡ ಅಂತ ಅಜ್ಜಿ ದಿನಾ ಹೇಳುವ ಮನೆಯಾದರೆ ಅರ್ಧ ಪಾಠ ಆಗಲೇ ಆಗಿದೆ.

ಬೆಳಿಗ್ಗೆ ಸೂರ್ಯನಿಗೆ ಮುಖ ಮಾಡಿ ಎರಡು ಕೈ ಚಾಚಿ ನಿಂತರೆ ಎಡಗೈ ಉತ್ತರ, ಬಲಗೈ ದಕ್ಷಿಣ. ಇದು ಸ್ಥೂಲ ಲೆಕ್ಕ. ಡಿಸೆಂಬರ್‌ನಲ್ಲಿ ಸೂರ್ಯ ಆಗ್ನೇಯದ ಕಡೆ ಸರಿದು ಹುಟ್ಟುತ್ತಾನೆ, ಜೂನ್‌ನಲ್ಲಿ ಈಶಾನ್ಯದ ಕಡೆ.

ಸರಿಯಾಗಿ ಬೇಕಾದರೆ ಕೋಲು ನೆಡಿ. ಬೆಳಿಗ್ಗೆ ಹತ್ತಕ್ಕೆ ಎರಡಡಿ ಕೋಲನ್ನು ನೆಟ್ಟಗೆ ನೆಟ್ಟು, ನೆರಳಿನ ತುದಿಗೆ ಒಂದು ಕಲ್ಲಿಡಿ. ಕೋಲಿಗೆ ದಾರ ಕಟ್ಟಿ, ಆ ಕಲ್ಲಿನಷ್ಟೇ ದೂರಕ್ಕೆ ನೆಲದ ಮೇಲೆ ಸುತ್ತ ಗೆರೆ ಎಳೆಯಿರಿ. ನೆರಳು ಕುಗ್ಗುತ್ತದೆ, ಮತ್ತೆ ಬೆಳೆಯುತ್ತದೆ. ಮಧ್ಯಾಹ್ನ ಎರಡು ಗಂಟೆಯ ಮೇಲೆ ಹೋಗಿ ಕಾಯಿರಿ. ನೆರಳಿನ ತುದಿ ಆ ಗೆರೆಯನ್ನು ಮತ್ತೆ ಮುಟ್ಟಿದಾಗ ಇನ್ನೊಂದು ಕಲ್ಲಿಡಿ. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ.

ಇಲ್ಲಿ ಒಂದು ಎಚ್ಚರಿಕೆ. ಮಧ್ಯಾಹ್ನದ ನೆರಳು ಉತ್ತರಕ್ಕೇ ಬೀಳುತ್ತದೆ ಅಂತ ಎಷ್ಟೋ ಪುಸ್ತಕಗಳಲ್ಲಿ ಇರುತ್ತದೆ. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಬೆಳೆಯುವ ಕನ್ನಡದ ಮಕ್ಕಳಿಗೆ ಅದು ವರ್ಷಪೂರ್ತಿ ನಿಜ. ನಮಗಲ್ಲ. ಬೆಂಗಳೂರು, ತುಮಕೂರು ಕಡೆ ಏಪ್ರಿಲ್ 24–25ರ ಸುಮಾರಿಗೆ ಸೂರ್ಯ ನಡುನೆತ್ತಿಗೆ ಬರುತ್ತಾನೆ, ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟ್ 18ರ ಸುಮಾರಿಗೆ ಮತ್ತೆ ಹಾಗೇ. ಈ ಎರಡು ದಿನಗಳ ನಡುವೆ ನಡುಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ನಮ್ಮಲ್ಲಿ ನಡುಮಧ್ಯಾಹ್ನ ಅಂದರೆ ಗಡಿಯಾರದ 12 ಅಲ್ಲ, 12:20ರ ಆಚೀಚೆ. ಬೇಸಿಗೆ ರಜೆಯಲ್ಲಿ ಇದನ್ನು ತೋರಿಸಲು ಮರೆಯಬೇಡಿ.

7. ನಕ್ಷೆ ನೆಲಕ್ಕೆ ಬರಲಿ

ಈಗ ಅಚ್ಚಾದ ನಕ್ಷೆ ತನ್ನಿ. ಗೋಡೆಗೆ ಬೇಡ, ನೆಲದ ಮೇಲೆ ಹಾಸಿ. ನಕ್ಷೆಯ ಉತ್ತರ ನಿಜವಾದ ಉತ್ತರಕ್ಕೆ ಇರಲಿ. ಮಗು ಅದರ ಸುತ್ತ ಓಡಾಡಲಿ, ನಿಮ್ಮ ಊರಿನ ಮೇಲೆ ಒಂದು ಹುಣಸೆಬೀಜ ಇಡಲಿ. ಅಲ್ಲಿಂದ ಬೆರಳು ಮಂಗಳೂರಿನ ಕಡೆ ಹೋದರೆ, ಕೈ ಚಾಚಿ ನಿಜವಾಗಿಯೂ ಆ ಕಡೆಗೇ ತೋರಿಸಬಹುದು.

ಇವತ್ತಿನಿಂದ ಮನೆಯಲ್ಲಿ ಒಂದು ಕಟ್ಟುಪಾಡು: ನಕ್ಷೆಯ ವಿಷಯದಲ್ಲಿ ಮೇಲೆ, ಕೆಳಗೆ ಅನ್ನಬಾರದು. ಉತ್ತರಕ್ಕೆ, ದಕ್ಷಿಣಕ್ಕೆ ಅನ್ನಬೇಕು. ಮೇಲೆ, ಕೆಳಗೆ ಎರಡೂ ಎತ್ತರಕ್ಕೆ ಮಾತ್ರ ಮೀಸಲು. ಜಯಮಂಗಲಿ ಉತ್ತರಕ್ಕೆ ಹೋಗುತ್ತದೆ, ಕೆಳಕ್ಕೇ ಹೋಗುತ್ತದೆ. ಎರಡೂ ಒಟ್ಟಿಗೆ ನಿಜ.

ಎತ್ತರದ ಬಗ್ಗೆ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ರೈಲ್ವೆ ಸ್ಟೇಷನ್ನಿನ ಹಳದಿ ಹಲಗೆಯಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರ ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ. ಬೆಂಗಳೂರಿನಿಂದ ಮಂಗಳೂರಿಗೆ ರೈಲಿನಲ್ಲಿ ಹೋದರೆ ಕಂಡಷ್ಟು ಹಲಗೆಯ ಅಂಕಿ ಬರೆದುಕೊಳ್ಳಲು ಮಗುವಿಗೆ ಹೇಳಿ. ಸಕಲೇಶಪುರ ಕಳೆದು ಘಟ್ಟ ಇಳಿದು ಸುಬ್ರಹ್ಮಣ್ಯ ರೋಡ್ ತಲುಪುವಷ್ಟರಲ್ಲಿ ಅಂಕಿ ನೂರಾರು ಮೀಟರ್ ಇಳಿದಿರುತ್ತದೆ. ಮನೆಗೆ ಬಂದು ಆ ಅಂಕಿಗಳನ್ನು ಚೌಕಳಿ ಹಾಳೆಯ ಮೇಲೆ ಚುಕ್ಕಿ ಹಾಕಿ ಸೇರಿಸಿದರೆ ಘಟ್ಟವೇ ಎದ್ದು ಕಾಣುತ್ತದೆ.

8. ಬಣ್ಣ, ಮತ್ತೆ ಒಂದು ಆಲೂಗಡ್ಡೆ

ಎತ್ತರ ತೋರಿಸುವ ನಕ್ಷೆಗಳಲ್ಲಿ ತಗ್ಗು ಪ್ರದೇಶಕ್ಕೆ ಹಸಿರು, ಎತ್ತರಕ್ಕೆ ಕಂದು ಬಳಿದಿರುತ್ತಾರೆ. ಮಕ್ಕಳೆಲ್ಲ ಹಸಿರು ಅಂದರೆ ಕಾಡು ಅಂದುಕೊಳ್ಳುತ್ತಾರೆ. ನಮ್ಮಲ್ಲಿ ದಟ್ಟ ಕಾಡಿರುವ ಸಹ್ಯಾದ್ರಿಯೇ ಆ ನಕ್ಷೆಯಲ್ಲಿ ಕಂದು! ಆದ್ದರಿಂದ ಬಣ್ಣದ ಪಟ್ಟಿಯನ್ನು ಮೊದಲು ಓದಿಸಿ.

ಎಂಟು ದಾಟಿದ ಮಕ್ಕಳಿಗೆ ಎತ್ತರದ ಗೆರೆಗಳನ್ನೂ ತೋರಿಸಬಹುದು. ಪಠ್ಯದಲ್ಲಿ ಸಮೋನ್ನತ ರೇಖೆ ಅನ್ನುವುದು ಇದಕ್ಕೇ. ಒಂದು ದೊಡ್ಡ ಆಲೂಗಡ್ಡೆಯನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಒಂದನ್ನು ಬೋರಲು ಹಾಕಿ. ಅದು ಬೆಟ್ಟ. ನೆತ್ತಿಯ ಹತ್ತಿರ ಎರಡು ಕಡೆ ದಬ್ಬಣದಿಂದ ಬುಡದವರೆಗೆ ನೇರ ತೂತು ಮಾಡಿ. ಆಮೇಲೆ ಅಡ್ಡಡ್ಡಲಾಗಿ ಒಂದೇ ದಪ್ಪದ ಬಿಲ್ಲೆ ಕತ್ತರಿಸಿ. ಕತ್ತರಿಸುವುದು ನಿಮ್ಮ ಕೆಲಸ. ಬುಡದ ಬಿಲ್ಲೆಯನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದು, ಎರಡು ತೂತಿನ ಚುಕ್ಕಿ ಹಾಕಿ. ಅದರ ಮೇಲಿನ ಬಿಲ್ಲೆಯನ್ನು ಅದೇ ಚುಕ್ಕಿಗೆ ಹೊಂದಿಸಿ ಇಟ್ಟು ಗೆರೆ ಎಳೆಯಿರಿ. ಹೀಗೇ ನೆತ್ತಿಯವರೆಗೆ. ತೂತು ಮಾಡದಿದ್ದರೆ ಬಿಲ್ಲೆಗಳು ಜಾರಿ ಬೆಟ್ಟ ಸೊಟ್ಟಗಾಗುತ್ತದೆ.

ಗೆರೆಗಳು ಒತ್ತೊತ್ತಾಗಿರುವ ಕಡೆ ಕಡಿದಾದ ಇಳಿಜಾರು, ದೂರದೂರ ಇರುವ ಕಡೆ ಸಲೀಸು. "ಈ ಬೆಟ್ಟಕ್ಕೆ ಅಜ್ಜಿಯನ್ನು ಕರ್ಕೊಂಡು ಹೋಗೋದಾದ್ರೆ ಯಾವ ಕಡೆಯಿಂದ ಹತ್ತಿಸ್ತೀಯ?" ಅಂತ ಕೇಳಿ ನೋಡಿ.

1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾ ಪ್ರಕಟಿಸುವ 1:50,000 ಅಳತೆಯ ಹಾಳೆಗಳಲ್ಲಿ ಇದೇ ಗೆರೆಗಳು ಕಂದು ಬಣ್ಣದಲ್ಲಿ ಇರುತ್ತವೆ. ಸಾಮಾನ್ಯವಾಗಿ ಒಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರ. ಹಾಳೆಯ ಒಂದು ಸೆಂಟಿಮೀಟರ್ ನೆಲದ ಮೇಲೆ 500 ಮೀಟರ್. ನೀರು ನೀಲಿ, ಹೊಲ ಹಳದಿ, ಕಾಡು ಹಸಿರು, ರಸ್ತೆ ಮತ್ತು ಮನೆಗಳು ಕೆಂಪು. ಒಣಗಿದ ಹಳ್ಳಗಳಿಗೆ ಕಪ್ಪು. ಬಯಲುಸೀಮೆಯ ಮಕ್ಕಳು ಈ ಕೊನೆಯದನ್ನು ತಟ್ಟನೆ ಹಿಡಿಯುತ್ತಾರೆ.

9. ಫೋನಿನ ನಕ್ಷೆ ಯಾವಾಗ?

ಇಷ್ಟೆಲ್ಲ ಆದ ಮೇಲೆ. ಗೂಗಲ್ ಮ್ಯಾಪಿನಲ್ಲಿ ಉಪಗ್ರಹದ ಚಿತ್ರ ಹಾಕಿ ನಿಮ್ಮ ಮನೆ, ಶಾಲೆ, ಕೆರೆ ಹುಡುಕಿಸಿ. ಮಗು ಕೈಯಲ್ಲಿ ಬರೆದ ನಕ್ಷೆಯನ್ನು ಪಕ್ಕದಲ್ಲಿಟ್ಟು ಹೋಲಿಸಲಿ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಅಂತ ಹೇಳುವ ದನಿಯನ್ನು ಮಾತ್ರ ಬಂದ್ ಮಾಡಿ. ಅದು ಮಗುವಿನ ಬದಲು ತಾನೇ ಯೋಚಿಸಿಬಿಡುತ್ತದೆ.

10. ಬೆಟ್ಟ ಹತ್ತಿ ಬನ್ನಿ

ಮಳೆಗಾಲ ಮುಗಿದು ಆಕಾಶ ತಿಳಿಯಾದ ಮೇಲೆ, ಅಕ್ಟೋಬರ್ ಕೊನೆಗೋ ನವೆಂಬರಿಗೋ ಹತ್ತಿರದ ಬೆಟ್ಟಕ್ಕೆ ಹೋಗಿ. ಕೆರೆಗಳಲ್ಲಿ ನೀರಿರುತ್ತದೆ, ದೂರದವರೆಗೆ ಕಾಣುತ್ತದೆ. ಬೆಟ್ಟವಿಲ್ಲದ ಊರಾದರೆ ಎತ್ತರದ ದಿಣ್ಣೆಯೂ ಆದೀತು. ಬೆಂಗಳೂರಿನವರಿಗೆ ಲಾಲ್‌ಬಾಗಿನ ಬಂಡೆ ಇದ್ದೇ ಇದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಅಂತ ಹೇಳಿ, ಅಂಗೈ ಇಟ್ಟು ಮುಟ್ಟಿಸಿ.

ನಾವು ದೇವರಾಯನದುರ್ಗಕ್ಕೆ ಹೋದೆವು. ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್, ದುರ್ಗದ ನೆತ್ತಿ ಸುಮಾರು 1,200. ದಾರಿಯಲ್ಲಿ ನಾಮದ ಚಿಲುಮೆಯಲ್ಲಿ ಇಳಿದು, ಬಂಡೆಯೊಳಗಿಂದ ನೀರು ಜಿನುಗುವುದನ್ನು ಮಕ್ಕಳು ಮೊಣಕಾಲೂರಿ ನೋಡಿದರು. ಒಬ್ಬೊಬ್ಬರ ಕೈಯಲ್ಲೂ ಖಾಲಿ ಹಾಳೆ, ಪೆನ್ಸಿಲ್, ಒಂದು ನೀಲಿ ಬಣ್ಣದ ಕಡ್ಡಿ. ಹೋಗುವಾಗ ಏನನ್ನೂ ಬರೆಯಲು ಹೇಳಲಿಲ್ಲ. ಮೇಲೆ ಹೋಗಿ ನರಸಿಂಹನ ಗುಡಿಯ ಹತ್ತಿರ ಕೂತು ಬುತ್ತಿ ಬಿಚ್ಚಿದ ಮೇಲೆ, ಕಂಡದ್ದನ್ನು ಬರೆಯಿರಿ ಅಂದೆ. ಕೆರೆಗಳು ಬಿಸಿಲಿಗೆ ತಗಡಿನ ಚೂರುಗಳ ಹಾಗೆ ಹೊಳೆಯುತ್ತಿದ್ದವು. "ಇಲ್ಲಿ ಬಿದ್ದ ಮಳೆ ಯಾವ ಕಡೆ ಇಳಿಯುತ್ತೆ?" ಅಂತ ಮಾತ್ರ ಕೇಳಿದೆ.

ಮಗಳು ಬೆಟ್ಟದ ಅತ್ತ ಒಂದು, ಇತ್ತ ಒಂದು ನೀಲಿ ಗೆರೆ ಎಳೆದಳು. ಒಂದರ ತುದಿಗೆ ಕಾವೇರಿ ಅಂತಲೂ ಇನ್ನೊಂದರ ತುದಿಗೆ ಪಿನಾಕಿನಿ ಅಂತಲೂ ಬರೆದಳು. ಉತ್ತರ ತೋರಿಸುವ ಬಾಣವನ್ನು ಹಾಳೆಯ ಎಡಗಡೆಗೆ ಹಾಕಿದ್ದಳು. ಯಾಕೆ ಅಂತ ಕೇಳಿದೆ. "ನಾನು ಸೂರ್ಯ ಹುಟ್ಟೋ ಕಡೆ ಮುಖ ಮಾಡಿ ಕೂತಿದೀನಲ್ಲ ಅಮ್ಮಾ" ಅಂದಳು.